ದೇವರ ಗೂಡಿನಲ್ಲಿ ಬಸ್ಸಿನ ಕೀಲಿ

ನಮ್ಮ ಬಸ್ಸು ಹಡಗಿನ ಒಳಗೇ ಹೋಗಿ ನಿಂತಿತು. ಶಿಕಾರಿಪುರಕ್ಕೆ ವಾಪಸು ಬಂದು ಇದನ್ನು ಹೇಳಿದಾಗ ಓಣಿಯವರು ನನ್ನನ್ನೇ ತಿದ್ದಿದರು, ಬಸ್ಸು ಇಳಿದು ಹಡಗು ಹತ್ತಿದಿರಿ ಅನ್ನಿ ಎಂದು. ಅಲ್ಲ, ಬಸ್ಸಿನಲ್ಲಿ ಕೂತ ಹಾಗೆಯೇ ಹೋದೆವು. ಜರ್ಮನಿಯ ಉತ್ತರದ ತುದಿಯಲ್ಲಿ ಟ್ರಾವೆಮ್ಯುಂಡೆ ಎಂಬ ಬಂದರು. ಅಲ್ಲಿ ರಾತ್ರಿ ಹತ್ತಿದರೆ ಬೆಳಿಗ್ಗೆ ಸ್ವೀಡನ್. ಹಡಗಿನ ಹಿಂಭಾಗ ದನದ ಕೊಟ್ಟಿಗೆಯ ಬಾಗಿಲಿನ ಹಾಗೆ ಪೂರಾ ತೆರೆದುಕೊಂಡಿತ್ತು. ಕಿತ್ತಳೆ ಬಣ್ಣದ ಅಂಗಿಯವನೊಬ್ಬ ಬಾ, ಬಾ, ಇನ್ನೂ ಬಾ ಎಂದು ಕೈಬೀಸುತ್ತಾ ನಮ್ಮ ಬಸ್ಸನ್ನು ಎರಡು ಲಾರಿಗಳ ನಡುವೆ ತಂದು ನಿಲ್ಲಿಸಿದ. ಚಕ್ರಕ್ಕೆ ಅಡ್ಡಗಟ್ಟೆ ಕೊಟ್ಟರು. ಎಂಜಿನ್ ಆರಿತು. ಕೆಳಗಿಳಿದರೆ ಡೀಸೆಲ್ಲಿನ ವಾಸನೆ, ಒದ್ದೆ ಕಬ್ಬಿಣದ ವಾಸನೆ, ಅದರ ಜೊತೆಗೆ ಎಲ್ಲಿಂದಲೋ ಒಣಹುಲ್ಲಿನ ವಾಸನೆ. ಪಕ್ಕದ ಗಾಡಿಯಲ್ಲಿ ಎರಡು ಕುದುರೆ ಇದ್ದವಂತೆ. ಡೀಸೆಲ್ಲು ಮತ್ತು ಹುಲ್ಲು ಒಟ್ಟಿಗೆ ಮೂಗಿಗೆ ಬಂದದ್ದೇ ತಡ, ಅರವತ್ತಮೂರು ವರ್ಷದ ನಾನು ಸೊರಬ ತಾಲೂಕಿನ ಹೊಸಬಾಳೆಯಲ್ಲಿ, ನಮ್ಮ ತವರುಮನೆಯ ಕಣದಲ್ಲಿ ನಿಂತಿದ್ದೆ.

ನಾವು ಇಪ್ಪತ್ತೆಂಟು ಜನ, ದಾವಣಗೆರೆಯಿಂದ ಹೊರಟ ಪ್ರವಾಸದ ತಂಡ. ನಮ್ಮನೆಯವರು ನಲವತ್ತು ವರ್ಷ ಪಂಪ್‌ಸೆಟ್ ಅಂಗಡಿ ನಡೆಸಿ, ಈ ವರ್ಷ ಬಾಗಿಲು ಮುಚ್ಚಿ, ನೀರನ್ನು ಪೈಪಿನಲ್ಲಿ ನೋಡಿದ್ದು ಸಾಕು, ಇನ್ನು ಸಮುದ್ರದಲ್ಲಿ ನೋಡೋಣ ಎಂದು ಹೊರಡಿಸಿದ್ದರು. ಹಡಗಿನ ಮೇಲಂತಸ್ತಿನಲ್ಲಿ ನಮಗೆ ಸಿಕ್ಕ ಕೋಣೆಗೆ ಕಿಟಕಿ ಇರಲಿಲ್ಲ. ಕಿಟಕಿ ಇರಬೇಕಾದ ಜಾಗದಲ್ಲಿ ಪರದೆ ಮಾತ್ರ ಇತ್ತು. ಸರಿಸಿ ನೋಡಿದರೆ ಗೋಡೆ. ನನಗೆ ನಗು ಬಂತು. ಒಂದರ ಮೇಲೊಂದು ಎರಡು ಹಾಸಿಗೆ, ಬಿಳಿ ದುಪ್ಪಟಿ, ಬೆಂಕಿಪೆಟ್ಟಿಗೆಯಷ್ಟು ಬಚ್ಚಲು. ಎಲ್ಲವೂ ಇತ್ತು, ಎಲ್ಲವೂ ಚೊಕ್ಕವಾಗಿತ್ತು. ಹೊರಗೆ ಓಣಿಯಂಥ ದಾರಿಯಲ್ಲಿ ಲಾರಿ ಡ್ರೈವರುಗಳು ಚಪ್ಪಲಿ ಹಾಕಿಕೊಂಡು, ಹೆಗಲ ಮೇಲೆ ಟವೆಲು ಹೊದ್ದು, ಸ್ವಂತ ಮನೆಯಲ್ಲಿ ಓಡಾಡುವವರ ಹಾಗೆ ಓಡಾಡುತ್ತಿದ್ದರು. ಅವರಿಗೆಂದೇ ಬೇರೆ ಊಟದ ಮನೆ. ಅದರ ಬಾಗಿಲಿನ ಮೇಲೆ ಲಾರಿಯ ಚಿತ್ರ. ನಮ್ಮ ಊಟದ ಮನೆಯ ಬಾಗಿಲು ತೆರೆಯುವ ಮುಂಚೆಯೇ ಅದು ತೆರೆದಿತ್ತು. ನಮ್ಮ ಬಸ್ಸಿನ ಡ್ರೈವರ್ ಮಾರೆಕ್, ಪೋಲೆಂಡಿನವನು, ಐವತ್ತರ ಆಸುಪಾಸು, ಕನ್ನಡಕದ ಮನುಷ್ಯ, ಅಲ್ಲಿ ಉಂಡು ನಮಗೆ ಕೈ ಮಾಡಿ ತನ್ನ ಕೋಣೆಗೆ ಹೋದ. ಅವನ ಕೋಣೆಗೆ ನಿಜವಾದ ಕಿಟಕಿ ಇದೆ ಎಂದು ಯಾರೋ ನೋಡಿಕೊಂಡು ಬಂದು ಹೇಳಿದರು.

ಇದು ರೈಸ್‌ಮಿಲ್ಲಿನ ಮಲ್ಲಣ್ಣನವರಿಗೆ ಸರಿಬರಲಿಲ್ಲ. ಅವರು ನಮ್ಮ ತಂಡದಲ್ಲಿ ಎಲ್ಲರಿಗಿಂತ ದೊಡ್ಡ ದನಿಯವರು, ಮನಸ್ಸು ಕೆಟ್ಟದ್ದಲ್ಲ. ಅವರ ಖಾರದ ಡಬ್ಬಿ ಬಸ್ಸಿನಲ್ಲೇ ಉಳಿದುಬಿಟ್ಟಿತ್ತು. ಬೇಯಿಸಿದ ಆಲೂಗಡ್ಡೆಯ ತಟ್ಟೆ ಮುಂದಿಟ್ಟುಕೊಂಡು ತಂಡದ ಮೇಲ್ವಿಚಾರಕ ಪ್ರಶಾಂತನನ್ನು ಕೂಗಿದರು.

"ಏ ಪ್ರಶಾಂತ, ಆ ಡ್ರೈವರನ್ನ ಒಂದೀಟು ಎಬ್ಬಿಸಪ್ಪ. ಕೀಲಿ ಇಸ್ಕಂಡು ನನ್ನ ಡಬ್ಬಿ ತಗಂಬಾ. ಇದೇನು ಬಾಣಂತಿ ಊಟ ಇಟ್ಟಾರೆ!"

"ಆಗಲ್ಲ ಸರ್. ಹಡಗು ಹೊರಟ ಮೇಲೆ ಕೆಳಗಿನ ಬಾಗಿಲು ಬೆಳಿಗ್ಗೆವರೆಗೂ ತೆಗೆಯಲ್ಲ. ರೂಲ್ಸು."

"ರೂಲ್ಸಂತೆ. ಡ್ರೈವರ್‌ಗೆ ಕಿಟಕಿ ರೂಮು, ದುಡ್ಡು ಕೊಟ್ಟ ನಮಗೆ ಗೋಡೆ. ಎಬ್ಬಿಸಿದ್ರೆ ಅವನ ಗಂಟೇನು ಹೋಗ್ತದೆ?"

ನಾನು ಪರಊರಿನವರ ಮುಂದೆ ಮಾತಾಡುವವಳಲ್ಲ. ಆದರೆ ಬಾಯಿಂದ ಬಂದುಬಿಟ್ಟಿತು.

"ಮಲಗಿದ ಡ್ರೈವರನ್ನ ಎಬ್ಬಿಸಂಗಿಲ್ಲ ರೀ."

ಆ ದನಿ ನನ್ನದಾಗಿರಲಿಲ್ಲ. ನಮ್ಮನೆಯವರು ಚಮಚ ಕೆಳಗಿಟ್ಟು ನನ್ನ ಮುಖ ನೋಡಿದರು. ನಾನು ಕೈಚೀಲದಿಂದ ಶೇಂಗಾ ಚಟ್ನಿಪುಡಿಯ ಪೊಟ್ಟಣ ತೆಗೆದು ಮಲ್ಲಣ್ಣನವರ ಕಡೆ ಸರಿಸಿದೆ. ಅವರು ಆಲೂಗಡ್ಡೆಗೆ ಸುರಿದುಕೊಂಡು, "ಹೌದು ಬಿಡಕ್ಕ," ಎಂದರು. ಮಾತು ಅಲ್ಲಿಗೆ ಮುಗಿಯಿತು. ನನಗೆ ಮಾತ್ರ ಮುಗಿಯಲಿಲ್ಲ. ಆ ದನಿ ನನ್ನ ಅಜ್ಜಿಯದು, ಅಪ್ಪನ ತಾಯಿಯದು.

ಹೊಸಬಾಳೆಯ ನಮ್ಮ ಮನೆಯ ಮುಂದೆ ಭತ್ತ ಬಡಿಯುವ ಕಣ ಇತ್ತು, ಊರಿಗೆಲ್ಲ ಅದೇ ದೊಡ್ಡ ಕಣ. ಹಾಗಾಗಿ ವಸ್ತಿ ಬಸ್ಸು ಅಲ್ಲೇ ತಂಗುತ್ತಿತ್ತು. ಸಂಜೆ ಶಿಕಾರಿಪುರದಿಂದ ಹೊರಟು ಸೊರಬ ಮುಟ್ಟಿ, ಏಳೂವರೆಗೆ ನಮ್ಮೂರಿಗೆ ಬಂದು, ರಾತ್ರಿ ಉಳಿದು, ಬೆಳಿಗ್ಗೆ ಐದೂಮುಕ್ಕಾಲಿಗೆ ಅದೇ ದಾರಿಯಲ್ಲಿ ಹಿಂದಿರುಗುವ ಬಸ್ಸದು. ಸುಗ್ಗಿಯಲ್ಲಿ ಬಣವೆಗೆ ಮೂತಿ ತಾಗಿಸಿ ನಿಲ್ಲುತ್ತಿತ್ತು. ನಮ್ಮ ಕರು ಅದರ ಚಕ್ರ ನೆಕ್ಕುತ್ತಿತ್ತು. ಬೆಳಿಗ್ಗೆ ಬಸ್ಸು ಹೋದ ಮೇಲೆ ಕಣದಲ್ಲಿ ಇಬ್ಬನಿ ಬೀಳದ ಒಂದು ಒಣ ಚೌಕ ಉಳಿಯುತ್ತಿತ್ತು, ಅದರ ನಡುವೆ ಅಂಗೈಯಗಲ ಎಣ್ಣೆಯ ಕಲೆ. ಅವ್ವ ದಿನಾ ಅದರ ಮೇಲೆ ಸಗಣಿ ಸಾರಿಸುವಳು. ದಿನಾ ಕಲೆ ಹೊಸದಾಗಿ ಬೀಳುವುದು. "ಈ ಬಸ್ಸಿಗೆ ಮೂಗು ಸೋರೋ ರೋಗ," ಎಂದು ಬೈದುಕೊಂಡೇ ಸಾರಿಸುವಳು. ಬಸ್ಸಿನ ಸುತ್ತ ಚುಕ್ಕೆ ಇಟ್ಟು ಎಳೆದ ರಂಗೋಲಿಯನ್ನು ಡ್ರೈವರು ತುಳಿಯದೆ ಹೊರಡಿಸಲು ಹೆಣಗುವುದನ್ನು ನೋಡುವುದು ನನ್ನ ಬೆಳಗಿನ ಮೊದಲ ಸಂತೋಷ.

ಡ್ರೈವರು ಗಫಾರ್ ಸಾಬರು, ಶಿಕಾರಿಪುರದ ಪೇಟೆಯವರು. ಕಂಡಕ್ಟರು ಹಾಲಪ್ಪ. ಇಬ್ಬರಿಗೂ ನಮ್ಮಲ್ಲೇ ರಾತ್ರಿ ಊಟ, ಜಗಲಿಯ ಮೇಲೆ ಹಾಸಿಗೆ, ಬೆಳಿಗ್ಗೆ ಬಿಸಿ ರೊಟ್ಟಿ. ಹಾಲಪ್ಪ ನಮ್ಮ ಜನ, ಅಡಿಗೆಮನೆ ಹೊಸ್ತಿಲತನಕ ಬಂದು ಕೂತು ಉಣ್ಣುತ್ತಿದ್ದ, ಉಂಡು ಎಲೆಯಲ್ಲಿ ಅರ್ಧ ಬಿಡುತ್ತಿದ್ದ. ಗಫಾರ್ ಸಾಬರಿಗೆ ಜಗಲಿಯಲ್ಲೇ ಊಟ. ಅವರ ಹಿತ್ತಾಳೆ ತಟ್ಟೆ, ಲೋಟ ಜಗಲಿಯ ಗೂಡಿನಲ್ಲಿ ಬೇರೆಯೇ ಇರುತ್ತಿದ್ದವು. ಇದನ್ನು ಬರೆಯುವಾಗ ಕೈ ತಡೆಯುತ್ತದೆ, ಆದರೆ ಇದ್ದದ್ದು ಹಾಗೆ. ಉಣ್ಣುವುದರಲ್ಲಿ ಮಾತ್ರ ಅವರು ನಮ್ಮ ಅಜ್ಜಿಯ ಹಾಗೆಯೇ. ನಮ್ಮಲ್ಲಿ ಅನ್ನ ಎಂದರೆ ಪ್ರಸಾದ, ಒಂದಗುಳು ಬಿಡುವಂತಿಲ್ಲ. ಅಜ್ಜಿ ತಟ್ಟೆಗೆ ನೀರು ಹಾಕಿ ತೊಳೆದು ಅದನ್ನೂ ಕುಡಿಯುವಳು. ಗಫಾರ್ ಸಾಬರ ತಟ್ಟೆ ತೊಳೆದದ್ದೋ ಉಂಡದ್ದೋ ಗೊತ್ತಾಗುತ್ತಿರಲಿಲ್ಲ. ಅಜ್ಜಿ ಹಾಲಪ್ಪನನ್ನು ಅಣಕಿಸುವಳು.

"ನೋಡ್ಕಳ ಹಾಲಪ್ಪ. ಕೊರಳಾಗ ಲಿಂಗ ಕಟ್ಟಿದೋನು ನೀನು. ಊಟ ಮಾಡದು ಅವನಿಂದ ಕಲಿ."

"ಅಮ್ಮಾರೆ, ಅವ್ರು ಗಾಡಿ ಓಡಿಸ್ತಾರೆ, ಹಸಿವಾಗ್ತದೆ. ನಾನು ಟಿಕೀಟು ಹರೀತೀನಿ, ಅಷ್ಟೆ."

ಕೀಲಿಯ ಕತೆ ಶುರುವಾದದ್ದು ನನ್ನಿಂದಲೇ. ಎರಡನೇ ಕ್ಲಾಸಿನಲ್ಲಿದ್ದಾಗ ಜಗಲಿಯ ಮೇಲಿದ್ದ ಬಸ್ಸಿನ ಕೀಲಿ ಎತ್ತಿಕೊಂಡು, ಡುರ್ ಡುರ್ ಎಂದು ಹಿತ್ತಲೆಲ್ಲ ಸುತ್ತಿ, ಅದನ್ನು ಕಲಗಚ್ಚಿನ ಬಾನಿಗೆ ಬೀಳಿಸಿಬಿಟ್ಟಿದ್ದೆ. ಬೆಳಿಗ್ಗೆ ಮನೆಮಂದಿಯೆಲ್ಲ ತೋಳು ಮಡಚಿ ಬಾನಿಯೊಳಗೆ ಹುಡುಕಿದರು. ಬಸ್ಸು ಒಂದು ಗಂಟೆ ತಡ. ಅಂದಿನಿಂದ ಅಜ್ಜಿ ಕೀಲಿಯನ್ನು ತನ್ನ ವಶಕ್ಕೆ ತೆಗೆದುಕೊಂಡಳು. ಗಫಾರ್ ಸಾಬರು ಬಂದು ಕಾಲು ತೊಳೆದ ಕೂಡಲೇ ಕೀಲಿ ಕೊಡಬೇಕು. ಅಜ್ಜಿ ಅದನ್ನು ದೇವರಮನೆಯ ಗೂಡಿನಲ್ಲಿ, ವಿಭೂತಿಗಟ್ಟಿಯ ಪಕ್ಕದಲ್ಲಿ ಇಡುವಳು. ಸಾಬರು ಕಾಲಿಡುವಂತಿಲ್ಲದ ಜಾಗದಲ್ಲಿ ಅವರ ಕೀಲಿ ದಿನಾ ಮಲಗುತ್ತಿತ್ತು. ರಾತ್ರಿ ದೀಪ ಸಣ್ಣ ಮಾಡಿ ದೇವರಮನೆ ಬಾಗಿಲು ಮುಚ್ಚಿದರೆ ಮುಗಿಯಿತು. ಬೆಳಿಗ್ಗೆ ಅಜ್ಜಿ ಸ್ನಾನ ಮಾಡಿ ಲಿಂಗಪೂಜೆ ಮುಗಿಸುವವರೆಗೆ ಯಾರೂ ತೆರೆಯುವಂತಿಲ್ಲ. ಪೂಜೆ ಮುಗಿಸಿ ಹಣೆ ತುಂಬ ವಿಭೂತಿ ಹಚ್ಚಿಕೊಂಡು, ಒಂದು ಕೈಯಲ್ಲಿ ಕೀಲಿ, ಇನ್ನೊಂದು ಕೈಯಲ್ಲಿ ಲಾಟೀನು ಹಿಡಿದು ಕಣಕ್ಕೆ ಬರುವಳು. ಬಸ್ಸಿನ ಮೆಟ್ಟಿಲ ಹತ್ತಿರ ಗಫಾರ್ ಸಾಬರು ಶಾಲೆಯ ಹುಡುಗನ ಹಾಗೆ ನಿಂತಿರುವರು. ಅಜ್ಜಿ ಲಾಟೀನನ್ನು ಅವರ ಮುಖದ ಹತ್ತಿರ ಎತ್ತುವಳು.

"ಕಣ್ ತೋರ್ಸು."

ಅವರು ಕಣ್ಣು ಅಗಲಿಸುವರು. ಕೆಂಪಗಿದ್ದರೆ ಕೀಲಿ ಇಲ್ಲ. ಮತ್ತೊಂದು ಸಲ ತಣ್ಣೀರಲ್ಲಿ ಮುಖ ತೊಳೆದು, ಮತ್ತೊಂದು ಲೋಟ ಕಾಫಿ ಕುಡಿದು ಬರಬೇಕು. ತಿಳಿಯಾಗಿದ್ದರೆ ಅಂಗೈಯಲ್ಲಿ ಕೀಲಿ ಬೀಳುವುದು. ಸಾಬರು ಬಿಸ್ಮಿಲ್ಲಾ ಎನ್ನುವರು, ಅಜ್ಜಿ ಶಿವಶಿವಾ ಎನ್ನುವಳು, ಬಸ್ಸು ಕೆಮ್ಮಿ ಎದ್ದೇಳುವುದು. ಅಜ್ಜಿಯ ಗಂಡ, ನಾನು ನೋಡದ ನನ್ನ ಅಜ್ಜ, ರಾತ್ರಿಯೆಲ್ಲ ನಿದ್ದೆಗೆಟ್ಟು ಎತ್ತಿನಗಾಡಿ ಹೊಡೆದುಕೊಂಡು ಬರುವಾಗ ತೂಕಡಿಸಿ ಮೂಕಿಯಿಂದ ಬಿದ್ದು ತೀರಿಕೊಂಡದ್ದು ಎಂದು ನನಗೆ ಅವ್ವ ಹೇಳಿದ್ದು ಬಹಳ ವರ್ಷಗಳ ಮೇಲೆ. ಅಜ್ಜಿ ಅದನ್ನು ಒಂದು ದಿನವೂ ಬಾಯಿಬಿಟ್ಟು ಹೇಳಿದವಳಲ್ಲ. ಲಾಟೀನು ಎತ್ತುವಳು, ಅಷ್ಟೆ.

ಆ ಬಸ್ಸು ಇಲ್ಲದಿದ್ದರೆ ನನ್ನ ಓದು ಇರಲಿಲ್ಲ. ಅಪ್ಪ ಭತ್ತ ಮಾರಲು ಶಿಕಾರಿಪುರಕ್ಕೆ ಹೋದಾಗ ಕಾನ್ವೆಂಟಿನ ಮಕ್ಕಳು ಸಾಲಾಗಿ, ಕಾಲುಚೀಲ ಹಾಕಿಕೊಂಡು ಹೋಗುವುದನ್ನು ನೋಡಿದ್ದನು. ಮಗಳೂ ಆ ಸಾಲಿನಲ್ಲಿ ಇರಬೇಕು ಎಂದು ಅಲ್ಲೇ ನಿಂತು ತೀರ್ಮಾನಿಸಿದನಂತೆ. ಬೆಳಿಗ್ಗೆ ವಸ್ತಿ ಬಸ್ಸಿನಲ್ಲಿ ಹೋಗಿ ಸಂಜೆ ಅದೇ ಬಸ್ಸಿನಲ್ಲಿ ಬರುತ್ತಿದ್ದೆ. ಡ್ರೈವರ್ ಸೀಟಿನ ಹಿಂದಿನ ಕಿಟಕಿ ನನ್ನದು. ಸಂಜೆ ಶಾಲೆ ಬಿಟ್ಟ ಮೇಲೆ ಬಸ್ಸು ಹೊರಡುವತನಕ ಸಿಸ್ಟರ್ ಒಬ್ಬರು ನನ್ನನ್ನು ಜೊತೆಗೆ ಕೂರಿಸಿಕೊಂಡು ಕಸೂತಿ ಕಲಿಸುತ್ತಿದ್ದರು. ಈಗಲೂ ನನ್ನ ದಿಂಬಿನ ಚೀಲದ ಅಂಚಿನಲ್ಲಿರುವ ಹೊಲಿಗೆ ಆ ಸಂಜೆಗಳದು.

ನಾನು ನಾಲ್ಕನೇ ಕ್ಲಾಸಿನಲ್ಲಿದ್ದಾಗ ಸುದ್ದಿ ಬಂತು. ಬಸ್ಸಿನ ಮಾಲೀಕರು ವಸ್ತಿಯನ್ನು ಉಳವಿ ಕಡೆಯ ಇನ್ನೊಂದು ಊರಿಗೆ ಬದಲಾಯಿಸುತ್ತಾರಂತೆ. ಅಲ್ಲಿನ ದೊಡ್ಡ ಕುಳವೊಬ್ಬರು ಡ್ರೈವರು ಕಂಡಕ್ಟರಿಗೆ ಪ್ರತ್ಯೇಕ ಕೋಣೆ, ಮಂಚ, ಬಸ್ಸಿಗೆ ತಗಡಿನ ಚಪ್ಪರ ಕೊಡುತ್ತೇನೆ ಎಂದಿದ್ದರು. ಅದು ಬೇರೆ ರಸ್ತೆ. ಬಸ್ಸು ಆ ಕಡೆ ತಿರುಗಿದರೆ ನಮ್ಮೂರಿಗೆ ಬೆಳಿಗ್ಗೆ ಬಸ್ಸೇ ಇಲ್ಲ. ಅವ್ವ ರೊಟ್ಟಿ ತಟ್ಟುತ್ತಾ, "ಇಲ್ಲೇ ಊರ ಸಾಲಿಗೆ ಹೋದ್ರಾತು, ಏನೀಗ," ಎಂದಳು. ಹಾಗೆನ್ನುವಾಗ ನನ್ನ ಕಾಲುಚೀಲಗಳನ್ನು ಒಲೆಯ ಹತ್ತಿರ ಒಣಹಾಕಿದ್ದಳು, ಅದು ನನಗೆ ಚೆನ್ನಾಗಿ ನೆನಪಿದೆ. ಮಾಲೀಕರು ಕೊನೆಗೆ ಎರಡೂ ಕಡೆ ಕಣ್ಣಾರೆ ನೋಡಿ ನಿರ್ಧರಿಸುತ್ತೇನೆ ಎಂದರು. ಒಂದು ಸಂಜೆ ನಾನು ಬಂದ ಬಸ್ಸಿನಲ್ಲೇ, ಮುಂದಿನ ಸೀಟಿನಲ್ಲಿ, ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು ಬಂದರು.

ಅಪ್ಪ ಜಗಲಿಗೆ ಹೊಸ ಚಾಪೆ ಹಾಸಿದ್ದ. ಅವ್ವ ಕರಿಗಡುಬು ಮಾಡಿದ್ದಳು, ಎಣ್ಣೆಗಾಯಿ ಮಾಡಿದ್ದಳು, ಮನೆಯಲ್ಲಿ ತುಪ್ಪದ ಪರಿಮಳ. ಮಾಲೀಕರಿಗೆ ನಡುಮನೆಯಲ್ಲಿ ಮಣೆ ಹಾಕಿ ಎಲೆ ಹಾಸಿ ಆಗಿತ್ತು. ಅವರು ಕೂತರು. ಆಗ ಅಜ್ಜಿ ಅಡಿಗೆಮನೆಯಿಂದ ತಟ್ಟೆ ಹಿಡಿದು ಬಂದವಳು, ಎಲೆಯ ಮುಂದಿನಿಂದ ಹಾಗೇ ದಾಟಿ ಜಗಲಿಗೆ ಹೋದಳು. ದಿನಾ ಮೊದಲು ಉಣ್ಣುವವರು ಡ್ರೈವರು; ಆ ದಿನವೂ ಅವರೇ. ಗಫಾರ್ ಸಾಬರು ತಟ್ಟೆ ಮುಟ್ಟದೆ ಒಳಗೆ ನೋಡಿದರು.

"ಅಮ್ಮಾ, ಮಾಲೀಕ್ರು ಕೂತಾರೆ."

"ಕೂತಿರ್ಲಿ. ಅವರೇನು ಬೆಳಿಗ್ಗೆ ಸ್ಟೇರಿಂಗ್ ಹಿಡೀತಾರಾ? ನೀನು ಉಂಡು ಮಲಕ."

ಅಪ್ಪನ ಮುಖ ಬೆಳ್ಳಗಾಯಿತು. ಅವ್ವ ಒಲೆಯ ಮುಂದೆಯೇ ಸೆರಗು ಬಾಯಿಗಿಟ್ಟುಕೊಂಡಳು. ಮಾಲೀಕರು ಖಾಲಿ ಎಲೆಯ ಮುಂದೆ ಕೂತು, ಬೆರಳಿನಿಂದ ನೀರಿನ ಹನಿಗಳನ್ನು ಒಂದೊಂದಾಗಿ ಅಂಚಿಗೆ ತಳ್ಳುತ್ತಾ ಇದ್ದರು. ಕಾಲು ಗಂಟೆ. ಆಮೇಲೆ ಅಜ್ಜಿ ತಾನೇ ಬಡಿಸಿದಳು. ಕಡುಬಿನ ಮೇಲೆ ತುಪ್ಪ ಹರಿಯುವ ಹಾಗೆ ಹಾಕಿದಳು, ಬೇಡವೆಂದರೂ ಬಿಡಲಿಲ್ಲ. ಮಾಲೀಕರು ಚೆನ್ನಾಗಿಯೇ ಉಂಡರು. ಕೈ ತೊಳೆದು, ಎಲೆ ಅಡಿಕೆ ಹಾಕಿಕೊಂಡು, ಬಾಂಬು ಎಸೆದರು.

"ನೋಡಿದ್ದಾತು ಗೌಡ್ರೆ. ಗಫಾರ್‌ನ ಎಬ್ಬಿಸ್ರಿ, ಈಗ್ಲೇ ಬಸ್ಸಲ್ಲಿ ನನ್ನ ಮನೆಗೆ ಬಿಟ್ಟುಬರ್ಲಿ. ಬೆಳಿಗ್ಗೆ ನಮ್ಮ ಹುಡುಗೀನ ನೋಡಾಕೆ ಬೀಗರು ಬರ್ತಾರೆ. ಅವನು ರಾತ್ರೋರಾತ್ರಿ ವಾಪಸು ಬಂದ್ರಾತು, ಬೆಳಿಗ್ಗೆ ಟ್ರಿಪ್ಪಿಗೆ ಇರ್ತಾನೆ."

ಅಪ್ಪ ಅಜ್ಜಿಯ ಕಡೆ ನೋಡಿದ. ಅಜ್ಜಿ ಲಾಟೀನಿನ ಬತ್ತಿ ಇಳಿಸುತ್ತಿದ್ದಳು.

"ದೀಪ ಸಣ್ಣ ಮಾಡಿ ದೇವರ ಬಾಗ್ಲು ಮುಚ್ಚಿ ಆಗೈತೆ. ಕೀಲಿ ಒಳಗೈತೆ. ಇನ್ನು ಬೆಳಿಗ್ಗೆನೇ."

"ಅಮ್ಮಾರೆ, ಬಸ್ಸು ನಂದು."

"ಬಸ್ಸು ನಿಂದೇ ಯಪ್ಪಾ. ನಿದ್ದೆ ಅವಂದು."

ಇಷ್ಟು ಹೇಳಿ ಅಜ್ಜಿ ಒಳಕೋಣೆಗೆ ಹೋಗಿ ಮಲಗಿದಳು. ಮಾಲೀಕರು ಎದ್ದು ಕಣಕ್ಕೆ ಹೋಗಿ ಬಸ್ಸಿನ ಪಕ್ಕ ಶತಪಥ ತಿರುಗತೊಡಗಿದರು. ಅಪ್ಪ ನನ್ನನ್ನು ಕಂಬದ ಮರೆಗೆ ಕರೆದ. ಅಷ್ಟು ಮೆಲ್ಲಗೆ ಅವನು ಮಾತಾಡಿದ್ದನ್ನು ನಾನು ಕೇಳಿರಲಿಲ್ಲ.

"ಗಿರಿಜಾ, ಚಿಲಕ ಅಷ್ಟೇ ಹಾಕಿರೋದು. ಸಪ್ಪಳ ಮಾಡ್ದೆ ಕೀಲಿ ತಗಂಬಾ, ಕಣದಾಗೆ ಇರ್ತೀನಿ. ಸಣ್ಣೋರಿಗೆ ದೋಷ ಇಲ್ಲ. ಈ ಪುಣ್ಯಾತ್ಮ ಸಿಟ್ಟಾಗಿ ಹೋದ್ರೆ ನಿನ್ನ ಕಾನ್ವೆಂಟು ಮುಗೀತು, ತಿಳೀತಾ?"

ತಿಳಿದಿತ್ತು. ನಾನು ಹೋದೆ. ಚಿಲಕ ತೆಗೆದೆ. ದೇವರಮನೆಯೊಳಗೆ ಬತ್ತಿ ಕಡ್ಡಿಯಷ್ಟು ಉರಿಯುತ್ತಿತ್ತು; ವಿಭೂತಿಯ ಬಿಳಿ ಪುಡಿ ಬೆರಳಿಗೆ ಹತ್ತಿತು. ಕೀಲಿ ತಣ್ಣಗಿತ್ತು. ಮುಷ್ಟಿಯಲ್ಲಿ ಹಿಡಿದು, ಕಾಲ್ಗೆಜ್ಜೆ ಆದಷ್ಟು ಸದ್ದಾಗದ ಹಾಗೆ ನಡುಮನೆ ದಾಟಿ, ಜಗಲಿಗೆ ಬಂದೆ. ಕಣಕ್ಕೆ ಇಳಿಯಬೇಕೆಂದರೆ ಗಫಾರ್ ಸಾಬರ ಹಾಸಿಗೆಯ ಪಕ್ಕದಲ್ಲೇ ಹಾಯಬೇಕು. ಅವರು ಮೊಳಕೈಯನ್ನು ಕಣ್ಣಿನ ಮೇಲೆ ಮಡಿಚಿ ಮಲಗಿದ್ದರು. ಬಲಗಾಲಿನ ಪಾದ ಮಾತ್ರ ಆಗಾಗ ಮುಂದಕ್ಕೆ ಚಾಚಿ ಹಿಂದಕ್ಕೆ ಬರುತ್ತಿತ್ತು. ನಿದ್ದೆಯಲ್ಲೂ ಬ್ರೇಕ್ ಒತ್ತುತ್ತಿದ್ದಾರೆ ಅಂದುಕೊಂಡೆ. ದಿನಾ ಆ ಪಾದದ ಹಿಂದೆಯೇ ನಾನು ಕೂರುತ್ತಿದ್ದದ್ದು. ಕಾಲುಚೀಲ ನೆನಪಾಯಿತು, ಸಿಸ್ಟರ್ ನೆನಪಾದರು, ಅರ್ಧ ಹೊಲಿದ ಗುಲಾಬಿ ನೆನಪಾಯಿತು. ಎಷ್ಟು ಹೊತ್ತು ನಿಂತೆನೋ ಗೊತ್ತಿಲ್ಲ. ಆಮೇಲೆ ಹಿಂದಕ್ಕೆ ಹೋಗಿ ಕೀಲಿಯನ್ನು ಇದ್ದಲ್ಲೇ ಇಟ್ಟು, ಚಿಲಕ ಹಾಕಿ, ಬರಿಗೈಯಲ್ಲಿ ಕಣಕ್ಕೆ ಬಂದೆ.

"ಸಿಗಲಿಲ್ಲಪ್ಪಾ."

ಅಪ್ಪ ನನ್ನ ಮುಖವನ್ನೇ ನೋಡಿದ. ಕೈಯನ್ನೂ ನೋಡಿದ. ಬೆರಳಿನಲ್ಲಿ ವಿಭೂತಿ ಇತ್ತು.

"ಸಿಗದಿದ್ರೆ ಸಿಗಲಿಲ್ಲ ಬಿಡು. ಹೋಗಿ ಮಲಕ."

ನನಗೆ ನಿದ್ದೆ ಬರಲಿಲ್ಲ. ಸುಳ್ಳು ಹೇಳುವುದು ಪಾಪ ಎಂದು ಕಾನ್ವೆಂಟಿನ ಗೋಡೆಯ ಮೇಲೇ ಬರೆದಿತ್ತು. ಅದನ್ನು ಓದಲು ಇನ್ನು ನಾನು ಅಲ್ಲಿ ಇರುವುದಿಲ್ಲವಲ್ಲ ಎಂದುಕೊಂಡು ಅತ್ತೆ.

ಮಾಲೀಕರು ರಾತ್ರಿ ತಮ್ಮ ಬಸ್ಸಿನ ಹಿಂದಿನ ಸೀಟಿನಲ್ಲೇ ಮಲಗಿದರು. ಅಪ್ಪ ಎಷ್ಟು ಕರೆದರೂ ಒಳಗೆ ಬರಲಿಲ್ಲ. ಬೆಳಿಗ್ಗೆ ಎದ್ದು ಬಂದಾಗ ಇಸ್ತ್ರಿಯ ಅಂಗಿ ಹಿಂಡಿದ ಬಟ್ಟೆಯಾಗಿತ್ತು, ಕೆನ್ನೆ ತುಂಬ ಸೊಳ್ಳೆಯ ಗುಳ್ಳೆ. ಅಜ್ಜಿ ವಿಭೂತಿ ಹಚ್ಚಿಕೊಂಡು ಲಾಟೀನು, ಕೀಲಿ ಹಿಡಿದು ಬಂದಳು. ಗಫಾರ್ ಸಾಬರು ಮೆಟ್ಟಿಲ ಹತ್ತಿರ ನಿಂತರು, ಕಣ್ಣು ತೋರಿಸಿದರು. ತಿಳಿನೀರಿನ ಹಾಗಿದ್ದವು. ಮಾಲೀಕರು ಪಕ್ಕದಲ್ಲಿ ನಿಂತು ಇದೇನು ಎಂಬಂತೆ ನೋಡುತ್ತಿದ್ದರು. ಅಜ್ಜಿ ಲಾಟೀನನ್ನು ಹಾಗೇ ಅವರ ಕಡೆ ತಿರುಗಿಸಿದಳು.

"ನಿಂದು ಕೆಂಪಗಾಗೈತಲ್ಲೋ ತಮ್ಮಾ. ನೀನು ಹಿಂದೆ ಕೂತ್ಕ."

ಹಾಲಪ್ಪ ಟಿಕೀಟಿನ ಚೀಲದೊಳಗೆ ಮುಖ ಹುದುಗಿಸಿಕೊಂಡ. ಮಾಲೀಕರು ಅವ್ವ ಕೊಟ್ಟ ಬಿಸಿ ರೊಟ್ಟಿ, ಬೆಣ್ಣೆ, ನಿಂತೇ ತಿಂದರು. ನಾನು ಚೀಲ ಹೆಗಲಿಗೆ ಹಾಕಿಕೊಂಡು, ಇದು ಕೊನೆಯ ಸಲವೇನೋ ಎಂದು ನನ್ನ ಕಿಟಕಿಯಲ್ಲಿ ಕೂತೆ. ಬಸ್ಸು ಹತ್ತುವಾಗ ಮಾಲೀಕರು ಮೆಟ್ಟಿಲ ಮೇಲೆ ನಿಂತು ಅಪ್ಪನಿಗೆ ಹೇಳಿದ್ದು ನನಗೆ ಸ್ಪಷ್ಟವಾಗಿ ಕೇಳಿಸಿತು.

"ಆ ಊರಾಗೆ ಮಂಚ ಕೊಡ್ತಾರಂತೆ ಗೌಡ್ರೆ. ನನ್ನಂಥೋನು ಅರ್ಧರಾತ್ರೀಲಿ ಬಂದು ಎಬ್ಬಿಸಿದ್ರೆ, ಕೀಲಿ ಬಚ್ಚಿಡೋರು ಅಲ್ಲಿ ಯಾರದಾರೆ? ಇಲ್ಲೇ ಇರ್ಲಿ."

ಬಸ್ಸು ಇಲ್ಲೇ ಇತ್ತು, ನಾನು ಹತ್ತನೇ ಕ್ಲಾಸು ಮುಗಿಸುವವರೆಗೂ. ಮಾಲೀಕರು ಮತ್ತೆಂದೂ ನಮ್ಮಲ್ಲಿ ಉಣ್ಣಲು ಬರಲಿಲ್ಲ. ಆದರೆ ಹಾಲಪ್ಪನ ಕೈಯಲ್ಲಿ ಅಜ್ಜಿಗೆ ಒಂದು ಹೊಸ ಬ್ಯಾಟರಿ ಕಳಿಸಿದರು. ಅಜ್ಜಿ ಅದನ್ನು ಒತ್ತಿ, ಆರಿಸಿ, ಅಪ್ಪನಿಗೆ ಕೊಟ್ಟುಬಿಟ್ಟಳು. ಬ್ಯಾಟರಿ ಕಣ್ಣಿಗೆ ಚುಚ್ಚುತ್ತದೆ, ಲಾಟೀನು ಕೇಳಿ ನೋಡುತ್ತದೆ ಎನ್ನುವುದು ಅವಳ ವಾದ. ಮಾಲೀಕರು ಹೋದ ದಿನವೇ ಸಂಜೆ ನಾನು ಶಾಲೆಯಿಂದ ಬಂದಾಗ ಅವಳು ದೇವರಮನೆ ಒರೆಸುತ್ತಿದ್ದಳು. ನನ್ನನ್ನು ನೋಡದೆಯೇ ಹೇಳಿದಳು.

"ರಾತ್ರಿ ಗೂಡಿನಾಗೆ ಇಲಿ ಬಂದಿತ್ತು ಕಾಣ್ತದೆ. ಕೀಲಿ ತಲೆಕೆಳಗಾಗಿ ಮಲಗಿತ್ತು. ಒಳ್ಳೇ ಇಲಿ, ಪಾಪ. ತಿರುಗಿ ಇಟ್ಟೈತೆ."

ಕಾನ್ವೆಂಟಿನಲ್ಲಿ ಕಸೂತಿಯ ಸಿಸ್ಟರಿಗೂ ವಿಷಯ ಹೇಳಿದೆ, ತಡೆಯಲಾಗದೆ. ಒಬ್ಬರ ನಿದ್ದೆಗಾಗಿ ಸುಳ್ಳು ಹೇಳಿದರೆ ಶಿಕ್ಷೆ ಏನು ಎಂದು ಕೇಳಿದೆ. ಅವರು ಸೂಜಿಗೆ ದಾರ ಪೋಣಿಸುವುದನ್ನು ನಿಲ್ಲಿಸಿದರು. ಒಂದು ವಾರ ಬೋರ್ಡು ಒರೆಸು ಎಂದರು. ಒರೆಸಿದೆ. ಕಣ್ಣು ತುಂಬ ಸೀಮೆಸುಣ್ಣ, ಮನಸ್ಸು ಹಗುರ.

ಮದುವೆಯಾಗಿ ಶಿಕಾರಿಪುರಕ್ಕೇ ಬಂದೆ. ಗಫಾರ್ ಸಾಬರು ಕೆಲಸ ಬಿಟ್ಟು ಮಗನ ಹೊಲಿಗೆಯಂಗಡಿಯ ಮುಂದೆ ಸ್ಟೂಲು ಹಾಕಿಕೊಂಡು ಕೂರುತ್ತಿದ್ದರು. ತರಕಾರಿಗೆ ಹೋಗುವಾಗ ನಾನು ಕಂಡರೆ ಸಾಕು, ಎರಡು ಬೆರಳಿನಲ್ಲಿ ರೆಪ್ಪೆ ಹಿಗ್ಗಿಸಿ ಕಣ್ಣು ತೋರಿಸುವರು. ಬೀದಿಯಲ್ಲಿ ಹೋಗುವವರು ಇದೇನಪ್ಪ ಎಂದು ನೋಡುವರು. ನಮ್ಮನೆಗೂ ಬರುತ್ತಿದ್ದರು, ನಡುಮನೆಯಲ್ಲಿ ಕೂತು, ನಮ್ಮದೇ ತಟ್ಟೆಯಲ್ಲಿ ಉಂಡು, ತಟ್ಟೆಯನ್ನು ಕನ್ನಡಿ ಮಾಡಿ ಏಳುವರು. ಹಾಗೆ ಬಂದ ಒಂದು ಮಧ್ಯಾಹ್ನ ಹಳೆಯ ಮಾತು ಬಂತು. ನಿದ್ದೆಯಲ್ಲೂ ಬ್ರೇಕ್ ಒತ್ತುತ್ತಿದ್ದಿರಿ, ಅದನ್ನು ನೋಡಿಯೇ ನಾನು ಕೀಲಿ ವಾಪಸು ಇಟ್ಟೆ ಎಂದೆ. ಅವರು ನಕ್ಕರು.

"ಬ್ರೇಕ್ ಅಲ್ಲ ಬೇಟಾ, ಸೊಳ್ಳೆ ಓಡಿಸ್ತಿದ್ದೆ. ನಾನು ಎಚ್ಚರಾನೇ ಇದ್ದೆ."

"ಎಚ್ಚರ ಇದ್ರಾ?"

"ಎಲ್ಲಾ ಕೇಳ್ತಾ ಇತ್ತು. ಕರೆದ್ರೆ ಏಳಬೇಕಲ್ಲ, ನೌಕರಿ. ನಿನ್ನ ಕಾಲ್ಗೆಜ್ಜೆ ಬಂತು. ನಿಂತು. ಬಹಳ ಹೊತ್ತು ನಿಂತು. ಆಮೇಲೆ ವಾಪಸ್ ಹೋಯ್ತು ನೋಡು, ಆವಾಗ ಬಂತು ನಿದ್ದೆ. ಅಂಥಾ ನಿದ್ದೆ ಆಮೇಲೆ ಬರಲೇ ಇಲ್ಲ."

ಅವರು ಹೋಗಿ ಈಗ ವರ್ಷಗಳಾದವು. ಅಜ್ಜಿ ಅದಕ್ಕೂ ಮುಂಚೆ.

ಹಡಗಿನಲ್ಲಿ ನಾನು ಚೆನ್ನಾಗಿ ನಿದ್ದೆ ಮಾಡಿದೆ. ಕೆಳಗೆಲ್ಲೋ ಬೀಗ ಹಾಕಿದ ಬಾಗಿಲಿನ ಆಚೆ ನಮ್ಮ ಬಸ್ಸು ನಿಂತಿತ್ತು. ಎಲ್ಲೋ ಒಂದು ಕಿಟಕಿಯ ಪಕ್ಕ ಮಾರೆಕ್ ಮಲಗಿದ್ದ. ಯಾರೂ ಅವನನ್ನು ಎಬ್ಬಿಸುವಂತಿರಲಿಲ್ಲ. ಹಾಸಿಗೆ ಸಣ್ಣಗೆ ನಡುಗುತ್ತಿತ್ತು, ಚಾಲೂ ಇಟ್ಟ ಬಸ್ಸಿನ ಸೀಟಿನ ಹಾಗೆ. ಬೆಳಿಗ್ಗೆ ಮೈಕಿನಲ್ಲಿ ಕರೆದ ಮೇಲೆ ಕಬ್ಬಿಣದ ಮೆಟ್ಟಿಲಿಳಿದು ಕೆಳಗೆ ಹೋದೆವು. ಮಾರೆಕ್ ಬಸ್ಸಿನ ಬಾಗಿಲಲ್ಲಿ ನಿಂತು ಒಬ್ಬೊಬ್ಬರ ಚೀಲ ಹಿಡಿದು ಹತ್ತಿಸುತ್ತಿದ್ದ. ಮಲ್ಲಣ್ಣನವರು ಮೊದಲು ಹತ್ತಿ ಖಾರದ ಡಬ್ಬಿ ಮುಟ್ಟಿ ನೋಡಿಕೊಂಡರು. ನನ್ನ ಸರದಿ ಬಂದಾಗ ನಾನು ಮೆಟ್ಟಿಲಿಗೆ ಕಾಲಿಡದೆ ನಿಂತು ಅವನ ಮುಖ ನೋಡಿದೆ. ಏನಾಯಿತು ಎಂದು ಅವನು ಇಂಗ್ಲಿಷಿನಲ್ಲಿ ಕೇಳಿದ. ನಾನು ನನ್ನ ಕಣ್ಣು ತೋರಿಸಿ, ಅವನ ಕಣ್ಣಿನ ಕಡೆ ಬೆರಳು ಮಾಡಿದೆ. ಅವನಿಗೆ ಏನು ತಿಳಿಯಿತೋ. ಕನ್ನಡಕ ತೆಗೆದು, ಸ್ವಲ್ಪ ಬಗ್ಗಿ, ಕಣ್ಣು ಅಗಲಿಸಿದ.

ನೀಲಿ ಕಣ್ಣುಗಳು. ನಾನು ಯಾವತ್ತೂ ಇಷ್ಟು ಹತ್ತಿರದಿಂದ ನೀಲಿ ಕಣ್ಣು ನೋಡಿರಲಿಲ್ಲ. ಒಂದು ಕೆಂಪು ಗೆರೆ ಕೂಡ ಇರಲಿಲ್ಲ.

ನಾನು ಹತ್ತಿ ಕೂತೆ. ನಮ್ಮನೆಯವರು ಮೆಲ್ಲಗೆ ಕೇಳಿದರು.

"ಏನೇ ಅದು, ಆ ಮನುಷ್ಯನ ಕಣ್ಣಲ್ಲಿ ನೋಡಿದ್ದು?"

"ನಿದ್ದೆ ಆಗೈತೆ," ಎಂದೆ. "ಹೊರಡ್ಲಿ ಅನ್ನಿ."

ಹಡಗಿನ ಬಾಗಿಲು ತೆರೆದುಕೊಳ್ಳತೊಡಗಿತು. ಬೆಳಕು ಮೊದಲು ನೆಲದ ಮೇಲೆ ಬಂತು, ಆಮೇಲೆ ಚಕ್ರಗಳ ಮೇಲೆ, ಆಮೇಲೆ ನಮ್ಮ ಮೇಲೆ.